ಮಿಷಿಗನ್–ಒಹಾಯೊ ಸ್ಟೇಟ್: ಈ ಶನಿವಾರ ಹತ್ತು ಅಂಕ ಬಿಟ್ಟುಕೊಟ್ಟು ಬಾಜಿ ಕಟ್ಟಬಹುದೇ?

ಟೊಲೆಡೊ ವಾಸಿ · ಸೋಮವಾರ ರಾತ್ರಿ, ನವೆಂಬರ್ 24, 2025

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಮಿಷಿಗನ್ ಮತ್ತು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯ. ನಮ್ಮ ಮನೆ ಇರುವುದು ಟೊಲೆಡೊದಲ್ಲಿ. ನಕ್ಷೆಯ ಪ್ರಕಾರ ಇದು ಒಹಾಯೊ. ಆದರೆ ಮಿಷಿಗನ್ ವಿಶ್ವವಿದ್ಯಾಲಯ ಇರುವ ಆ್ಯನ್ ಆರ್ಬರ್ ಇಲ್ಲಿಂದ ಒಂದು ಗಂಟೆಯೊಳಗಿನ ದಾರಿ, ಒಹಾಯೊ ಸ್ಟೇಟ್ ಇರುವ ಕೊಲಂಬಸ್ ತಲುಪಲು ಎರಡು ಗಂಟೆಗೂ ಮೇಲೆ ಬೇಕು. ಹಾಗಾಗಿ ಬೀದಿಯಲ್ಲಿ ಒಂದು ಮನೆಯ ಮುಂದೆ ಕೆಂಪು ಬಾವುಟ ಇದ್ದರೆ ಎದುರು ಮನೆಯಲ್ಲಿ ನೀಲಿ-ಹಳದಿ. ನಮ್ಮ ಮನೆಯೊಳಗೂ ಅದೇ ಕಥೆ. ನಾನು ಒಹಾಯೊ ಸ್ಟೇಟ್‌ನಲ್ಲಿ ಓದಿದವನು, ನನ್ನ ಹೆಂಡತಿಯ ಅಣ್ಣ ಮಿಷಿಗನ್‌ನಲ್ಲಿ ಓದಿದವರು. ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್‌ಗೆ ಬರುವ ಭಾವನ ಸಂಸಾರ ಶನಿವಾರದ ಪಂದ್ಯ ಮುಗಿದ ಮೇಲೆಯೇ ಊರಿಗೆ ಹೊರಡುವುದು.

ಕಳೆದ ವರ್ಷ ಒಹಾಯೊ ಸ್ಟೇಟ್ ಸುಮಾರು 20 ಅಂಕಗಳ ಫೇವರಿಟ್ ಆಗಿತ್ತು, ಅಂದರೆ ಅಷ್ಟು ಅಂತರದಿಂದ ಗೆಲ್ಲುತ್ತದೆಂದು ಬಾಜಿ ಕಂಪನಿಗಳ ಅಂದಾಜು. ಮೊಬೈಲ್ ಆ್ಯಪ್‌ನಲ್ಲಿ ಆ 20 ಅಂಕ ಬಿಟ್ಟುಕೊಟ್ಟು, ಅಂದರೆ 20ಕ್ಕಿಂತ ಹೆಚ್ಚು ಅಂತರದಿಂದ ಗೆದ್ದರೆ ಮಾತ್ರ ಹಣ ಎಂದು, 300 ಡಾಲರ್ ಕಟ್ಟಿದೆ. ಪಂದ್ಯ 13–10ಕ್ಕೆ ಮಿಷಿಗನ್ ಪಾಲಾಯಿತು. ಅಂಕದ ಮಾತಿರಲಿ, ಪಂದ್ಯವೇ ಕೈತಪ್ಪಿತು.

ಈ ಸಲ ಪಂದ್ಯ ಆ್ಯನ್ ಆರ್ಬರ್‌ನಲ್ಲಿ. ಒಹಾಯೊ ಸ್ಟೇಟ್ 11ಕ್ಕೆ 11 ಗೆದ್ದು ದೇಶದಲ್ಲಿ ಮೊದಲ ಸ್ಥಾನದಲ್ಲಿದೆ. ಮಿಷಿಗನ್ 9 ಗೆದ್ದು 2 ಸೋತಿದೆ. ಆ್ಯಪ್‌ನಲ್ಲಿ ಹತ್ತು ಅಂಕಗಳ ಆಸುಪಾಸಿನ ಅಂತರ ತೋರಿಸುತ್ತಿದ್ದಾರೆ. ಹತ್ತು ಅಂಕ ನನಗೆ ಬಹಳ ಕಡಿಮೆ ಎನಿಸುತ್ತಿದೆ. ಕಟ್ಟಲೇ, ಬಿಡಲೇ? ನಿಮ್ಮ ಊಹೆಯ ಅಂಕಗಳನ್ನೂ ಬರೆಯಿರಿ.

ಸಾಗರದ ಸ್ಕಾರ್ಲೆಟ್

31–10, ಒಹಾಯೊ ಸ್ಟೇಟ್. ಇದರಲ್ಲಿ ಯೋಚಿಸುವುದಕ್ಕೇನೂ ಇಲ್ಲ. ಈ ಋತುವಿನಲ್ಲಿ ಯಾವ ಎದುರಾಳಿಯೂ ನಮ್ಮ ರಕ್ಷಣೆಯ ಎದುರು 16 ಅಂಕ ಮೀರಿಲ್ಲ. ಆ 16 ಇಲಿನಾಯ್ ಗಳಿಸಿದ್ದು, ಅದೂ 34–16ಕ್ಕೆ ಸೋತು. ಚೆಂಡು ಎಸೆಯುವ ನಮ್ಮ ಕ್ವಾರ್ಟರ್‌ಬ್ಯಾಕ್ ಜೂಲಿಯನ್ ಸೇಯಿನ್ ಐದು ಎಸೆತದಲ್ಲಿ ಸುಮಾರು ನಾಲ್ಕನ್ನು ಗುರಿ ಮುಟ್ಟಿಸುತ್ತಿದ್ದಾನೆ. ಅತ್ತ ಮಿಷಿಗನ್‌ನ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಅಂಡರ್‌ವುಡ್ ಇನ್ನೂ ಮೊದಲ ವರ್ಷದ ಹುಡುಗ. ಪ್ರತಿಭೆ ಇದೆ, ಒಪ್ಪುತ್ತೇನೆ. ಆದರೆ ಇಂಥ ರಕ್ಷಣೆಯನ್ನು ಅವನು ಇನ್ನೂ ಕಂಡಿಲ್ಲ.

ನೀಲಿ ಹಳದಿ

2021: ನೀವು ಫೇವರಿಟ್, ನಾವು 42–27. 2022: ನಿಮ್ಮದೇ ಕ್ರೀಡಾಂಗಣ, ನೀವೇ ಫೇವರಿಟ್, ನಾವು 45–23. 2023: 30–24. 2024: ಮೂಲ ಬರಹದಲ್ಲೇ ಇದೆ. ನಾಲ್ಕು ವರ್ಷವೂ ಇದೇ ಮಾತು ಕೇಳಿದ್ದೇನೆ, «ಯೋಚಿಸುವುದಕ್ಕೇನೂ ಇಲ್ಲ» ಎಂದು. ನಿಮ್ಮ ಕೋಚ್ ರಯಾನ್ ಡೇ ಮಿಷಿಗನ್ ಎದುರು ಗೆದ್ದಿರುವುದು ಒಮ್ಮೆ, ಸೋತಿರುವುದು ನಾಲ್ಕು ಬಾರಿ.

20–17, ಮಿಷಿಗನ್.

ಕಾವೇರಿ ತೀರ

ಆ ನಾಲ್ಕರಲ್ಲಿ 2023ರಲ್ಲಿ ಫೇವರಿಟ್ ಆಗಿದ್ದದ್ದು ಮಿಷಿಗನ್, ಅದನ್ನೂ ಹೇಳಿ. ನಿಮ್ಮ ಪಟ್ಟಿ ಓದಿದರೆ ನಾಲ್ಕೂ ವರ್ಷ ಒಹಾಯೊ ಸ್ಟೇಟೇ ಫೇವರಿಟ್ ಎನಿಸುತ್ತದೆ.

ನೀಲಿ ಹಳದಿ

ಸರಿ, ತಿದ್ದಿಕೊಳ್ಳುತ್ತೇನೆ. ಮೂರು ವರ್ಷ.

ಲೆಕ್ಕದ ಮೇಷ್ಟ್ರು

ಟೊಲೆಡೊದವರೇ, ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಯಾರು ಗೆಲ್ಲುತ್ತಾರೆ ಎನ್ನುವುದು ಒಂದು. ಆ್ಯಪ್ ತೋರಿಸುವ ಹತ್ತು ಎಂಬ ಅಂಕಿ ತಪ್ಪಾಗಿದೆಯೇ ಎನ್ನುವುದು ಇನ್ನೊಂದು. ಬಾಜಿ ಇರುವುದು ಎರಡನೆಯದರ ಮೇಲೆ. ಒಹಾಯೊ ಸ್ಟೇಟ್ ಉತ್ತಮ ತಂಡ ಎಂಬುದು ನಿಮಗೆ ಎಷ್ಟು ಗೊತ್ತೋ ಅಂಕಿ ಇಟ್ಟವರಿಗೂ ಅಷ್ಟೇ ಗೊತ್ತು. ಅದನ್ನೆಲ್ಲ ಸೇರಿಸಿಯೇ ಅವರು ಹತ್ತು ಎಂದಿದ್ದಾರೆ. ಅವರಿಗೆ ಗೊತ್ತಿಲ್ಲದ ಯಾವ ಸಂಗತಿ ನಿಮಗೆ ಗೊತ್ತಿದೆ?

ಇನ್ನು ಬೆಲೆ. ಸಾಮಾನ್ಯವಾಗಿ 100 ಗೆಲ್ಲಲು 110 ಕಟ್ಟಬೇಕು. ಅಂದರೆ ಅಸಲು ಉಳಿಸಿಕೊಳ್ಳಲಿಕ್ಕೇ ನೂರಕ್ಕೆ 52.4 ಬಾಜಿಗಳು ಸರಿಯಾಗಬೇಕು. ನಾಣ್ಯ ಚಿಮ್ಮಿ ಆಡಿದವನು 50ಕ್ಕೆ ನಿಲ್ಲುತ್ತಾನೆ. ನಡುವಿನ ಆ ಎರಡೂವರೆಯ ಅಂತರವೇ ಕಂಪನಿಯ ಅನ್ನ. ಊಹಿಸುವುದನ್ನೇ ಕಸುಬು ಮಾಡಿಕೊಂಡವರಲ್ಲೂ ವರ್ಷಗಟ್ಟಲೆ 55ರ ಮೇಲೆ ನಿಲ್ಲುವವರು ವಿರಳ.

ಅಂತರ ಸರಿಯಾಗಿ ಹತ್ತು ಎಂದಿದ್ದು ಒಹಾಯೊ ಸ್ಟೇಟ್ ಹತ್ತರಿಂದಲೇ ಗೆದ್ದರೆ ನಿಮ್ಮ ಹಣ ನಿಮಗೆ ವಾಪಸು. ಒಂಬತ್ತೂವರೆ ಎಂದಿದ್ದರೆ ಗೆಲುವು, ಹತ್ತೂವರೆ ಎಂದಿದ್ದರೆ ಸೋಲು. ಟಚ್‌ಡೌನ್ ಮತ್ತು ಅದರ ಹೆಚ್ಚುವರಿ ಕಿಕ್ ಸೇರಿ ಏಳು, ಫೀಲ್ಡ್ ಗೋಲ್ ಮೂರು. ಹಾಗಾಗಿ ಈ ಆಟದಲ್ಲಿ 3, 7, 10ರ ಅಂತರ ಪದೇ ಪದೇ ಬೀಳುತ್ತದೆ. ಅರ್ಧ ಅಂಕ ಎಂದು ಉದಾಸೀನ ಮಾಡಬೇಡಿ.

ನನ್ನ ಊಹೆ: 23–16, ಒಹಾಯೊ ಸ್ಟೇಟ್. ಬಾಜಿಯ ಲೆಕ್ಕದಲ್ಲಿ ಮಿಷಿಗನ್ ಕಡೆ.

ಸಾಗರದ ಸ್ಕಾರ್ಲೆಟ್

ಮೇಷ್ಟ್ರೇ, ಪಂದ್ಯ ನೋಡುವವರು ಮನುಷ್ಯರು, ಆಡುವವರೂ ಮನುಷ್ಯರು. ಕಳೆದ ವರ್ಷ ಸೋತ ಮೇಲೆ ನಮ್ಮ ತಂಡ ಇಡೀ ದೇಶದ ಚಾಂಪಿಯನ್ ಆಯಿತು. ಜನವರಿಯಲ್ಲಿ ನೋಟ್ರ ಡೇಮ್ ತಂಡವನ್ನು 34–23ಕ್ಕೆ ಸೋಲಿಸಿ ಕಪ್ ಎತ್ತಿದರು. ಆದರೂ ಕೊಲಂಬಸ್‌ನಲ್ಲಿ ಈ ಒಂದು ಸೋಲಿನ ಮಾತು ನಿಂತಿಲ್ಲ. ಒಂದು ವರ್ಷ ಎದೆಯಲ್ಲಿ ಇಟ್ಟುಕೊಂಡದ್ದು ಶನಿವಾರ ಹೊರಗೆ ಬರುತ್ತದೆ. ಅದಕ್ಕೆ ಯಾವ ಅಂಕಿಯೂ ಇಲ್ಲ.

ಲೆಕ್ಕದ ಮೇಷ್ಟ್ರು

ಎದುರಾಳಿಗೂ ಎದೆ ಇದೆಯಲ್ಲ.

ಹಳೆಯ ಪುಟ

ಈ ಪಂದ್ಯದಲ್ಲಿ ಫೇವರಿಟ್ ಎಂಬ ಮಾತಿಗೆ ಎಷ್ಟು ಬೆಲೆ ಎಂದು ತಿಳಿಯಲು 1969ಕ್ಕೆ ಹೋಗಬೇಕು. ಒಹಾಯೊ ಸ್ಟೇಟ್ ಸತತ 22 ಪಂದ್ಯ ಗೆದ್ದು ಮೊದಲ ಸ್ಥಾನದಲ್ಲಿತ್ತು. ಕೋಚ್ ವುಡಿ ಹೇಯ್ಸ್. ಮಿಷಿಗನ್‌ಗೆ ಆ ವರ್ಷವಷ್ಟೇ ಬಂದ ಬೊ ಶೆಂಬೆಕ್ಲರ್ ಹಿಂದೆ ಅದೇ ಹೇಯ್ಸ್ ಕೈಕೆಳಗೆ ಕೆಲಸ ಮಾಡಿದವರು. ಶಿಷ್ಯ ಗುರುವನ್ನು 24–12ಕ್ಕೆ ಸೋಲಿಸಿದರು. ಅಲ್ಲಿಂದ 1978ರವರೆಗಿನ ಹತ್ತು ಪಂದ್ಯಗಳನ್ನು ಜನ ‘ಹತ್ತು ವರ್ಷಗಳ ಯುದ್ಧ’ ಎಂದೇ ಕರೆಯುತ್ತಾರೆ: ಶೆಂಬೆಕ್ಲರ್ ಐದು, ಹೇಯ್ಸ್ ನಾಲ್ಕು, ಒಂದು ಸಮ.

ಆ ಸಮ ಆದದ್ದು 1973ರ 10–10. ಎರಡೂ ತಂಡ ಅಜೇಯ. ಋತುವಿನ ಕೊನೆಯ ದೊಡ್ಡ ಪಂದ್ಯವಾದ ರೋಸ್ ಬೌಲ್‌ಗೆ ಯಾರು ಹೋಗಬೇಕು ಎಂದು, ಎರಡೂ ತಂಡ ಆಡುವ ಬಿಗ್ ಟೆನ್ ಕೂಟದ ವಿಶ್ವವಿದ್ಯಾಲಯಗಳ ಕ್ರೀಡಾ ನಿರ್ದೇಶಕರು ಮತ ಹಾಕಿದರು. ಮತ ಒಹಾಯೊ ಸ್ಟೇಟ್ ಕಡೆಗೆ ಬಿತ್ತು. ಮಿಷಿಗನ್‌ನ ಹಿರಿಯರು ಇಂದಿಗೂ ಅದನ್ನು ಮರೆತಿಲ್ಲ. ಮೈದಾನದಲ್ಲಿ ಸೋಲದ ತಂಡ ಒಂದು ಕೋಣೆಯಲ್ಲಿ ಸೋತಿತು.

ಇನ್ನೊಂದು ಹುಚ್ಚು ಪಂದ್ಯ 1950ರದು, ಕೊಲಂಬಸ್‌ನ ಹಿಮಬಿರುಗಾಳಿಯಲ್ಲಿ. ಮಿಷಿಗನ್‌ಗೆ ಒಂದೇ ಒಂದು ಫಸ್ಟ್ ಡೌನ್ (ನಾಲ್ಕು ಯತ್ನದೊಳಗೆ ಹತ್ತು ಗಜ ಸಾಗುವುದು) ಸಿಗಲಿಲ್ಲ, ಇಡೀ ಪಂದ್ಯದಲ್ಲಿ ಮುಂದೆ ಸಾಗಿದ್ದು 27 ಗಜ, ಚೆಂಡನ್ನು ಒದ್ದು ಎದುರಾಳಿಗೆ ಬಿಟ್ಟುಕೊಟ್ಟದ್ದು (ಪಂಟ್) 24 ಬಾರಿ. ಗೆದ್ದದ್ದು ಮಿಷಿಗನ್, 9–3. ಯಾವ ಗಣಿತ ಇದನ್ನು ಮೊದಲೇ ಹೇಳುತ್ತಿತ್ತು?

ಕಾವೇರಿ ತೀರ

2013 ಬಿಟ್ಟಿರಿ. ಒಹಾಯೊ ಸ್ಟೇಟ್ ಎರಡಂಕಿಯ ಫೇವರಿಟ್ ಆಗಿತ್ತು. ಮಿಷಿಗನ್ ಕೊನೆಯ ನಿಮಿಷದಲ್ಲಿ ಟಚ್‌ಡೌನ್ ಮಾಡಿ 42–41ಕ್ಕೆ ಬಂದಿತು. ಕಿಕ್ ಮಾಡಿ ಸಮ ಮಾಡಿಕೊಳ್ಳಬಹುದಿತ್ತು. ಕೋಚ್ ಬ್ರೇಡಿ ಹೋಕ್ ಗೆಲುವಿಗಾಗಿ ಎರಡು ಅಂಕದ ಯತ್ನಕ್ಕೆ ಹೋದರು, ಸಿಗಲಿಲ್ಲ. ಫೇವರಿಟ್ ತಂಡ ಗೆದ್ದಿತು, ಅದನ್ನು ನಂಬಿ ಅಂಕ ಬಿಟ್ಟುಕೊಟ್ಟವರೆಲ್ಲ ಸೋತರು. ಟೊಲೆಡೊದವರು ನೋಡಬೇಕಾದ ಪಂದ್ಯ ಅದು.

ಸಾಗರದ ಸ್ಕಾರ್ಲೆಟ್

2018ನ್ನೂ ಯಾರೂ ಹೇಳುತ್ತಿಲ್ಲ. ಅಂದು ಮಿಷಿಗನ್ ಫೇವರಿಟ್. 62–39, ನಮ್ಮ ಗೆಲುವು.

ಮೈಸೂರು ಮಲ್ಲಿಗೆ ಗಿಡ

ನನಗೆ ಈ ಆಟದ ನಿಯಮ ಅಷ್ಟು ಗೊತ್ತಿಲ್ಲ. ಆದರೆ ಕಾವೇರಿ ತೀರದವರ 2013ರ ಕಥೆ ಓದಿ 2010ರ ಜನವರಿ ನೆನಪಾಯಿತು. ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ರಣಜಿ ಫೈನಲ್, ಕರ್ನಾಟಕ–ಮುಂಬೈ. ಕಾಂಪೌಂಡಿನ ಮೇಲೆ, ಮರದ ಮೇಲೆ ಜನ. ಮನೀಶ್ ಪಾಂಡೆ 144 ಹೊಡೆದು ಪಂದ್ಯವನ್ನು ಕೈಗೆ ತಂದಿಟ್ಟಿದ್ದ. ಆರು ರನ್‌ಗಳಿಂದ ಸೋತೆವು. ಆರು! ನಾನು ಅಲ್ಲಿದ್ದೆ. ಪಂದ್ಯ ಮುಗಿದ ಮೇಲೂ ಜನ ಬಹಳ ಹೊತ್ತು ಕದಲಲಿಲ್ಲ.

ಹಳೆಯ ಪುಟ

ನಾನೂ ಅಲ್ಲಿದ್ದೆ ಮೇಡಂ! ನಾವು ನಿಂತಿದ್ದದ್ದು ನೀಲಗಿರಿ ಮರಗಳ ಕಡೆ.

ಕಾವೇರಿ ತೀರ

ದಯವಿಟ್ಟು ರಣಜಿಗೆ ಬೇರೆ ಎಳೆ ಶುರು ಮಾಡಿ. ಇಲ್ಲದಿದ್ದರೆ ನಾನೂ ವಿನಯ್ ಕುಮಾರ್ ಬೌಲಿಂಗ್ ಬಗ್ಗೆ ಬರೆಯಲು ಕೂರುತ್ತೇನೆ.

ದಾವಣಗೆರೆಯ ತಾಯಿ · ಮಂಗಳವಾರ

ನಮಸ್ಕಾರ. ನಾನು ಇಲ್ಲಿ ಓದುವುದೇ ಹೆಚ್ಚು, ಬರೆದವಳಲ್ಲ. ನನ್ನ ಮಗ ಕೊಲಂಬಸ್‌ನಲ್ಲಿ ಎಂ.ಎಸ್. ಓದುತ್ತಿದ್ದಾನೆ. 23 ವರ್ಷ. ಈ ವಾರ ವಿಶ್ವವಿದ್ಯಾಲಯದಲ್ಲಿ ಫಲಕಗಳ ಮೇಲಿನ ‘ಎಂ’ ಅಕ್ಷರಕ್ಕೆಲ್ಲ ಕೆಂಪು ಪಟ್ಟಿ ಅಂಟಿಸಿದ್ದಾರೆ ಎಂದು ಫೋಟೋ ಕಳಿಸಿದ್ದ. ನೋಡಿ ಖುಷಿಯಾಯಿತು. ಆಮೇಲೆ, ಕೋಣೆಯ ಹುಡುಗರೆಲ್ಲ ಮೊಬೈಲ್‌ನಲ್ಲಿ ಹಣ ಕಟ್ಟುತ್ತಾರೆ, ತಾನೂ ಸ್ವಲ್ಪ ಕಟ್ಟುತ್ತೇನೆ ಎಂದ. ಅದು ಅಲ್ಲಿ ಕಾನೂನುಬದ್ಧವಂತೆ. ನಮ್ಮ ದೇಶದಲ್ಲಿ ಇದೇ ಆಗಸ್ಟ್‌ನಲ್ಲಿ ಕಾನೂನು ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಲ್ಲಿಸಿದರು. ಅಲ್ಲಿ ಹೇಗೆ ಬಿಟ್ಟಿದ್ದಾರೆ? ನಮ್ಮ ಓಣಿಯಲ್ಲಿ ಓಸಿ ಚೀಟಿಯಿಂದ ಮನೆ ಮಾರಿಕೊಂಡವರನ್ನು ನೋಡಿ ಬೆಳೆದವಳು ನಾನು. ಶಿಕ್ಷಣ ಸಾಲ ಇನ್ನೂ ಹಾಗೆಯೇ ಇದೆ. ಅವನಿಗೆ ಏನು ಹೇಳಲಿ?

ನೀಲಿ ಹಳದಿ

ಅಮ್ಮಾ, ಗಾಬರಿ ಬೇಡ. ಹತ್ತಿಪ್ಪತ್ತು ಡಾಲರ್ ಕಟ್ಟುವ ಹುಡುಗರೇ ಹೆಚ್ಚು. ಸಿನಿಮಾಕ್ಕೆ ಹೋದರೂ ಅಷ್ಟು ಖರ್ಚಾಗುತ್ತದೆ.

ಮಿತಿ ಮೀರಿದವನು

ನೀಲಿ ಹಳದಿಯವರೇ, ಈ ಮಾತನ್ನು ನಾನು ಒಪ್ಪಲಾರೆ. ತಾಯಿ, ನಾನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

2018ರ ಮೇ ತಿಂಗಳಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್, ಕ್ರೀಡಾ ಬಾಜಿಯನ್ನು ರಾಜ್ಯಗಳಲ್ಲಿ ತಡೆದಿದ್ದ ಕೇಂದ್ರ ಕಾನೂನನ್ನು ರದ್ದು ಮಾಡಿತು. ಆಮೇಲೆ ಒಂದೊಂದೇ ರಾಜ್ಯ ಬಾಗಿಲು ತೆರೆಯಿತು. ಮಿಷಿಗನ್‌ನಲ್ಲಿ ಮೊಬೈಲ್ ಬಾಜಿ ಶುರುವಾದದ್ದು 2021ರ ಜನವರಿಯಲ್ಲಿ, ಒಹಾಯೊದಲ್ಲಿ 2023ರ ಜನವರಿ 1ರಂದು. ಎರಡೂ ಕಡೆ 21 ವರ್ಷ ತುಂಬಿರಬೇಕು.

ನಾನು ಹತ್ತು ಡಾಲರ್‌ನಿಂದಲೇ ಶುರು ಮಾಡಿದವನು. ಮೊದಲ ವಾರ ಗೆದ್ದೆ. ಹತ್ತು ಐವತ್ತಾಯಿತು, ಐವತ್ತು ಇನ್ನೂರಾಯಿತು. ಒಂದು ಶನಿವಾರ ಮಧ್ಯಾಹ್ನದ ಪಂದ್ಯದಲ್ಲಿ ಸೋತದ್ದನ್ನು ಸಂಜೆಯ ಪಂದ್ಯದಲ್ಲಿ, ಅಲ್ಲಿ ಸೋತದ್ದನ್ನು ರಾತ್ರಿ ಹವಾಯಿಯಲ್ಲಿ ನಡೆಯುವ ಪಂದ್ಯದಲ್ಲಿ ವಾಪಸು ಪಡೆಯಲು ಹೋದೆ. ಹವಾಯಿ ತಂಡದ ಒಬ್ಬ ಆಟಗಾರನ ಹೆಸರೂ ನನಗೆ ಗೊತ್ತಿರಲಿಲ್ಲ. ಒಂಬತ್ತು ತಿಂಗಳಲ್ಲಿ 14,000 ಡಾಲರ್ ಹೋಯಿತು. ಮಗಳು ಹುಟ್ಟುವ ಮುಂಚೆ ಎತ್ತಿಟ್ಟಿದ್ದ ಹಣ ಅದು. ಹೆಂಡತಿಗೆ ಹೇಳಿದ ರಾತ್ರಿ ಅವಳು ಬೈಯಲಿಲ್ಲ, ಅಳಲಿಲ್ಲ. ಎದ್ದು ಹೋಗಿ ಮಗುವಿನ ಪಕ್ಕ ಮಲಗಿದಳು.

ಒಹಾಯೊದಲ್ಲಿ ‘ಟೈಮ್ ಔಟ್ ಒಹಾಯೊ’ ಎಂಬ ಸರ್ಕಾರಿ ವ್ಯವಸ್ಥೆ ಇದೆ. ನಾವೇ ಹೆಸರು ಬರೆಸಿದರೆ ಒಂದು ವರ್ಷ, ಐದು ವರ್ಷ ಅಥವಾ ಜೀವನಪರ್ಯಂತ ಯಾವ ಆ್ಯಪ್ ಕೂಡ ನಮ್ಮ ಬಾಜಿ ತೆಗೆದುಕೊಳ್ಳುವಂತಿಲ್ಲ. ನಾನು ಐದು ವರ್ಷಕ್ಕೆ ಬರೆಸಿದ್ದೇನೆ. ಮಗನಿಗೆ ಬೇಡ ಎಂದಷ್ಟೇ ಹೇಳಿದರೆ ಮುಚ್ಚಿಡುತ್ತಾನೆ. ಪ್ರತಿ ಭಾನುವಾರ ಎಷ್ಟು ಕಟ್ಟಿದೆ, ಎಷ್ಟು ಹೋಯಿತು ಎಂದು ಕೇಳಿ. ಗೆದ್ದದ್ದನ್ನು ಮಾತ್ರ ಹೇಳಿ ಸೋತದ್ದನ್ನು ಹೇಳದೆ ಉಳಿಸಿದ ದಿನ ಎಚ್ಚರವಾಗಿ.

ದಾವಣಗೆರೆಯ ತಾಯಿ

ನೀವು ಇಷ್ಟು ಬಿಚ್ಚಿ ಬರೆದದ್ದಕ್ಕೆ ಏನು ಹೇಳಬೇಕೋ ತಿಳಿಯುತ್ತಿಲ್ಲ ಅಪ್ಪಾ. ಮಗಳು ಚೆನ್ನಾಗಿರಲಿ. ಭಾನುವಾರ ಕೇಳುತ್ತೇನೆ.

ಸಾಗರದ ಸ್ಕಾರ್ಲೆಟ್

ಮಿತಿ ಮೀರಿದವರ ನೋವು ಅರ್ಥವಾಗುತ್ತದೆ. ಆದರೂ ಒಬ್ಬರಿಗೆ ಹೀಗಾಯಿತೆಂದು ಎಲ್ಲರಿಗೂ ಹೀಗೆಯೇ ಆಗುತ್ತದೆ ಎನ್ನಬಾರದು. ನಾನು ವರ್ಷಕ್ಕೆ ಇದೊಂದೇ ಪಂದ್ಯಕ್ಕೆ 50 ಡಾಲರ್ ಕಟ್ಟುತ್ತೇನೆ. ಮೂರು ವರ್ಷವಾಯಿತು, 50 ಎಂದೂ 60 ಆಗಿಲ್ಲ.

ಮಿತಿ ಮೀರಿದವನು

ನಿಮ್ಮ ಬಗ್ಗೆ ನನಗೆ ಆತಂಕವಿಲ್ಲ. ಮೂಲ ಬರಹದವರು ಕಳೆದ ವರ್ಷ 300 ಕಳೆದುಕೊಂಡು, ಈ ವರ್ಷ ಅದೇ ಪಂದ್ಯ, ಅದೇ ತಂಡ, ‘ಹತ್ತು ಬಹಳ ಕಡಿಮೆ’ ಎನ್ನುತ್ತಿದ್ದಾರೆ. ನನಗೆ ಕೇಳಿಸಿದ್ದು ಆ ದನಿ. ಹೋದದ್ದನ್ನು ವಾಪಸು ತರಲು ಹೊರಟವರ ದನಿ.

ಟೊಲೆಡೊ ವಾಸಿ

ಓದಿದೆ. ಎರಡು ಸಲ ಓದಿದೆ.

ಡೆಟ್ರಾಯಿಟ್ ತೆರಿಗೆ · ಬುಧವಾರ

ಯಾರೂ ಹೇಳದ ಒಂದು ವಿಷಯ. ಇಲ್ಲಿ ಬಾಜಿಯಲ್ಲಿ ಗೆದ್ದ ಹಣ ಪೂರ್ತಿ ಆದಾಯ ಎಂದು ತೋರಿಸಬೇಕು. ಸೋತದ್ದನ್ನು ಕಳೆಯಲು ಖರ್ಚುಗಳನ್ನು ಬಿಡಿಬಿಡಿಯಾಗಿ ತೋರಿಸುವವರಿಗೆ ಮಾತ್ರ ಅವಕಾಶ. ನಮ್ಮಲ್ಲಿ ಹೆಚ್ಚಿನವರು ಹಾಗೆ ತೋರಿಸುವುದಿಲ್ಲ. 2026ರಿಂದ ಸೋಲಿನ ನೂರಕ್ಕೆ 90 ಭಾಗವನ್ನಷ್ಟೇ ಕಳೆಯಬಹುದು ಎಂದು ಕಾನೂನು ಬದಲಾಗಿದೆ. ವರ್ಷವಿಡೀ 10,000 ಗೆದ್ದು 10,000 ಸೋತವನ ಕೈಯಲ್ಲಿ ಒಂದು ಡಾಲರ್ ಇರುವುದಿಲ್ಲ, ಆದರೆ 1,000 ಡಾಲರ್‌ಗೆ ತೆರಿಗೆ ಕಟ್ಟಬೇಕು. ಗೆದ್ದವನು ಸೋತ, ಸೋತವನು ಸತ್ತ ಎಂದು ಕೋರ್ಟು ಕಚೇರಿಯ ಬಗ್ಗೆ ನಮ್ಮ ಹಿರಿಯರು ಹೇಳುತ್ತಿದ್ದರು. ಇಲ್ಲಿಗೂ ಸಲ್ಲುತ್ತದೆ.

ವೀಸಾ ಸಾಲಿನಲ್ಲಿ

ಇದರಿಂದ ಪೌರತ್ವಕ್ಕೆ ತೊಂದರೆಯೇ? ನಾನು ಸಹೋದ್ಯೋಗಿಗಳ ಜೊತೆ ಐದು ಡಾಲರ್ ಕಟ್ಟಿದ್ದೇನೆ. ರಾತ್ರಿಯಿಂದ ತಲೆಯಲ್ಲಿ ಅದೇ ಓಡುತ್ತಿದೆ.

ಡೆಟ್ರಾಯಿಟ್ ತೆರಿಗೆ

ನಾನು ವಲಸೆ ವಕೀಲನಲ್ಲ. ಕಾನೂನಿನಲ್ಲಿ ಇರುವುದು ಇಷ್ಟು: ಅಕ್ರಮ ಜೂಜಿನಿಂದಲೇ ಮುಖ್ಯ ಆದಾಯ ಪಡೆಯುವವರಿಗೆ ಮತ್ತು ಜೂಜಿನ ಅಪರಾಧಕ್ಕೆ ಎರಡು ಅಥವಾ ಹೆಚ್ಚು ಬಾರಿ ಶಿಕ್ಷೆಯಾದವರಿಗೆ ಸನ್ನಡತೆಯ ಅಂಶದಲ್ಲಿ ಅಡ್ಡಿ ಬರುತ್ತದೆ. ನಿಮ್ಮ ಐದು ಡಾಲರ್ ಆ ಸಾಲಿಗೆ ಸೇರುವುದಿಲ್ಲ. ನಿದ್ದೆ ಮಾಡಿ.

ಬಕೈ ಬಸವನಗುಡಿ

ನಾನು ನಾಲ್ಕು ಪಂದ್ಯ ಸೇರಿಸಿ ಪಾರ್ಲೇ ಕಟ್ಟಿದ್ದೇನೆ. ಒಹಾಯೊ ಸ್ಟೇಟ್ ಮತ್ತು ಇನ್ನು ಮೂರು ತಂಡ. 100 ಡಾಲರ್‌ಗೆ 1,300ಕ್ಕೂ ಮೇಲೆ ಬರುತ್ತದೆ! ಒಂದೊಂದೇ ಪಂದ್ಯಕ್ಕೆ ಕಟ್ಟುವವರು ಇದನ್ನು ಏಕೆ ನೋಡುವುದಿಲ್ಲ?

ಲೆಕ್ಕದ ಮೇಷ್ಟ್ರು

ಅಂತರದ ಮೇಲಿನ ಬಾಜಿ ಎಂದರೆ ಒಂದೊಂದೂ ಸರಿಸುಮಾರು ಅರ್ಧಕ್ಕರ್ಧ. ನಾಲ್ಕೂ ಸರಿಯಾಗುವುದು ಹದಿನಾರರಲ್ಲಿ ಒಂದು ಸಲ. ನ್ಯಾಯವಾಗಿ 100ಕ್ಕೆ 1,600 ಬರಬೇಕು. ಬರುವುದು ಸುಮಾರು 1,328. ಒಂದು ಪಂದ್ಯದಲ್ಲಿ ಕಂಪನಿ ಇಟ್ಟುಕೊಳ್ಳುವುದು ನೂರಕ್ಕೆ ನಾಲ್ಕೂವರೆ, ನಾಲ್ಕನ್ನು ಪೋಣಿಸಿದರೆ ಹದಿನೇಳು. ಆ್ಯಪ್ ತೆರೆದ ಕೂಡಲೇ ಪಾರ್ಲೇ ಜಾಹೀರಾತು ಕಣ್ಣಿಗೆ ಬೀಳುವುದು ಇದಕ್ಕೇ.

ಬಕೈ ಬಸವನಗುಡಿ

ಅದೃಷ್ಟ ಎಂಬುದೊಂದು ಇದೆಯಲ್ಲ ಸರ್. 2006ರಲ್ಲಿ ಎರಡೂ ತಂಡ ಅಜೇಯ, ಮೊದಲ ಮತ್ತು ಎರಡನೆಯ ಸ್ಥಾನ. ಹಿಂದಿನ ದಿನ ಶೆಂಬೆಕ್ಲರ್ ತೀರಿಕೊಂಡಿದ್ದರು. ಪಂದ್ಯ 42–39, ಒಹಾಯೊ ಸ್ಟೇಟ್. ಅದೇ ಸಂಜೆ ಒಹಾಯೊ ಲಾಟರಿಯ ನಾಲ್ಕಂಕಿ ಡ್ರಾದಲ್ಲಿ ಬಂದ ಸಂಖ್ಯೆ 4239. ಆ ಸಂಖ್ಯೆಗೆ ಕಟ್ಟಿದವರಿಗೆಲ್ಲ ಹಣ ಬಂತು!

ಲೆಕ್ಕದ ಮೇಷ್ಟ್ರು

ಬಂತು, ನಿಜ. ಆ ಮೊದಲಿನ ಮತ್ತು ಆಮೇಲಿನ ಅಷ್ಟೂ ಪಂದ್ಯಗಳ ಅಂಕಗಳಿಗೆ ಕಟ್ಟಿದವರನ್ನೂ ಲೆಕ್ಕ ಹಾಕಿ.

ಹಳೆಯ ಪುಟ

ಟೊಲೆಡೊದವರಿಗೆ ಒಂದು ಮಾತು ಹೇಳಲು ಮರೆತಿದ್ದೆ. ಎರಡು ರಾಜ್ಯಗಳ ಮೊದಲ ಜಗಳ ನಿಮ್ಮ ಊರಿಗಾಗಿಯೇ ನಡೆದದ್ದು. 1835ರಲ್ಲಿ ಟೊಲೆಡೊ ಪಟ್ಟಿ ಯಾರದು ಎಂದು ಎರಡೂ ಕಡೆಯ ಪಡೆಗಳು ಎದುರುಬದುರು ನಿಂತವು. ಕೊನೆಗೆ ಟೊಲೆಡೊ ಒಹಾಯೊಗೆ ಹೋಯಿತು, ಮಿಷಿಗನ್‌ಗೆ ಬದಲಾಗಿ ಉತ್ತರದ ಪರ್ಯಾಯ ದ್ವೀಪ ಸಿಕ್ಕಿತು. ಮಿಷಿಗನ್ ರಾಜ್ಯವಾದದ್ದು 1837ರ ಜನವರಿ 26. ದಿನಾಂಕ ನೋಡಿ!

ನೀಲಿ ಹಳದಿ

ಉತ್ತರದಲ್ಲಿ ನಮಗೆ ತಾಮ್ರ ಸಿಕ್ಕಿತು, ಕಬ್ಬಿಣದ ಅದಿರು ಸಿಕ್ಕಿತು. ಒಟ್ಟು ಪಂದ್ಯಗಳ ಲೆಕ್ಕದಲ್ಲೂ ನಾವೇ ಮುಂದೆ: 62 ಗೆಲುವು, 51 ಸೋಲು, 6 ಸಮ.

ಸಾಗರದ ಸ್ಕಾರ್ಲೆಟ್

52. ನಾವು 2010ರಲ್ಲಿ ಮೈದಾನದಲ್ಲಿ ಗೆದ್ದದ್ದನ್ನು ಕಾಗದದ ಮೇಲೆ ಅಳಿಸಿದ್ದಾರೆ, ಅಷ್ಟೇ. ಮೇಲಾಗಿ ನಿಮ್ಮ 62ರಲ್ಲಿ ಬಹಳಷ್ಟು ಅಜ್ಜಂದಿರ ಕಾಲದವು. 1897ರಿಂದ ಆಡಿದರೂ ನಮಗೆ ಮೊದಲ ಗೆಲುವು ಸಿಕ್ಕಿದ್ದು 1919ರಲ್ಲಿ.

ಕಾವೇರಿ ತೀರ

ಅಳಿಸಿದ್ದಕ್ಕೆ ಕಾರಣವನ್ನೂ ಹೇಳಬೇಕು. ಆಟಗಾರರು ತಮಗೆ ಬಂದ ಸ್ಮರಣಿಕೆಗಳನ್ನು ಮಾರಿದ್ದು ನಿಯಮಕ್ಕೆ ವಿರುದ್ಧವಾಗಿತ್ತು. ಮಾರಿದ ವಸ್ತುಗಳಲ್ಲಿ ಮಿಷಿಗನ್ ಎದುರು ಗೆದ್ದವರಿಗೆ ಕೊಡುವ ಪ್ಯಾಂಟಿನ ಆಕಾರದ ಪುಟ್ಟ ಚಿನ್ನದ ಪದಕವೂ ಇತ್ತು. 1934ರಿಂದ ಬಂದ ಸಂಪ್ರದಾಯ ಅದು. ಮಾರಬಾರದಿತ್ತು ಎಂದು ನನಗೆ ಇಂದಿಗೂ ಬೇಸರವಿದೆ. ಜೊತೆಗೆ, ಅದೇ ಹುಡುಗರು ತುಂಬಿಸುತ್ತಿದ್ದ ಲಕ್ಷ ಜನರ ಕ್ರೀಡಾಂಗಣದ ಹಣದಲ್ಲಿ ಅವರಿಗೆ ಆಗ ಪಾಲು ಇರಲಿಲ್ಲ ಎಂಬ ಬೇಸರವೂ ಇದೆ.

ಆ್ಯನ್ ಆರ್ಬರ್ ಅಡುಗೆಮನೆ · ಗುರುವಾರ

ಎಲ್ಲರಿಗೂ ಹಬ್ಬದ ಶುಭಾಶಯ. ಶನಿವಾರ ಹಿಮ ಬೀಳುವ ಸೂಚನೆ ಇದೆ. ಕ್ರೀಡಾಂಗಣಕ್ಕೆ ಹೋಗುವವರು ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಿ, ಕೂರುವ ಬೆಂಚು ಅಲ್ಯೂಮಿನಿಯಂ, ಕೆಳಗಿನಿಂದ ಚಳಿ ಏರುತ್ತದೆ. ನಮ್ಮ ಕಾಲೊನಿಯವರು ಹೊರಡುವ ಮುಂಚೆ ಬಿಸಿ ಬಿಸಿ ಮೆಣಸಿನ ಸಾರು ಕುಡಿದು ಹೋಗುತ್ತಾರೆ.

ಬಕೈ ಬಸವನಗುಡಿ

ಹಿಮ ಎಂದರೆ ಒಟ್ಟು ಅಂಕ ಕಡಿಮೆ ಆಗುತ್ತದೆ ಅಲ್ಲವೇ? ಅದಕ್ಕೂ ಒಂದು ಬಾಜಿ ಇದೆ.

ಲೆಕ್ಕದ ಮೇಷ್ಟ್ರು

ಹಿಮಕ್ಕಿಂತ ಗಾಳಿಯನ್ನು ನೋಡಿ. ಎಸೆತವನ್ನೂ ಕಿಕ್ಕನ್ನೂ ಕೆಡಿಸುವುದು ಗಾಳಿ. ಹವಾಮಾನ ಇಲಾಖೆ ಹೇಳಿದ್ದು ಅಂಕಿ ಇಡುವವರಿಗೂ ಕೇಳಿಸುತ್ತದೆ ಎಂಬುದನ್ನು ಮರೆಯಬೇಡಿ.

ಅದಕ್ಕಿಂತ ಮುಖ್ಯ ಪ್ರಶ್ನೆ ಒಹಾಯೊ ಸ್ಟೇಟ್‌ನಲ್ಲಿ ಎಸೆತ ಹಿಡಿಯುವ ಜೆರಮಾಯಾ ಸ್ಮಿತ್ ಮತ್ತು ಕಾರ್ನೆಲ್ ಟೇಟ್ ಆಡುತ್ತಾರೋ ಇಲ್ಲವೋ ಎನ್ನುವುದು. ಹಿಂದಿನ ವಾರ ರಟ್ಗರ್ಸ್ ವಿರುದ್ಧ ಇಬ್ಬರೂ ಇರಲಿಲ್ಲ. ಯಾರು ಲಭ್ಯ, ಯಾರು ಇಲ್ಲ ಎಂದು ಪಂದ್ಯಕ್ಕೆ ಎರಡು ಗಂಟೆ ಮೊದಲು ಪ್ರಕಟಿಸಬೇಕೆಂದು ಬಿಗ್ ಟೆನ್ 2023ರಲ್ಲಿ ನಿಯಮ ಮಾಡಿದೆ. ಒಳಗಿನ ಸುದ್ದಿ ಕದ್ದು ಬಾಜಿ ಕಟ್ಟುವವರನ್ನು ತಡೆಯಲು ಬೇಕಿದ್ದ ನಿಯಮ.

ಮಿತಿ ಮೀರಿದವನು

ಇದಕ್ಕೆ ಸೇರಿದ ಇನ್ನೊಂದು ವಿಷಯ. ಈ ಹುಡುಗ ಎಷ್ಟು ಗಜ ಓಡುತ್ತಾನೆ, ಆ ಹುಡುಗ ಎಷ್ಟು ಎಸೆತ ಹಿಡಿಯುತ್ತಾನೆ ಎಂಬ ಬಾಜಿಗಳನ್ನು ಕಾಲೇಜು ಕ್ರೀಡೆಯಲ್ಲಿ ಒಹಾಯೊ 2024ರ ಮಾರ್ಚ್‌ನಿಂದ ನಿಲ್ಲಿಸಿದೆ. ಸೋತವರು ಆ ಹುಡುಗರಿಗೇ ಸಂದೇಶ ಕಳಿಸಿ ಬೈಯುತ್ತಿದ್ದರು, ಬೆದರಿಸುತ್ತಿದ್ದರು. 19 ವರ್ಷದ ಹುಡುಗನಿಗೆ! ಈ ಒಂದು ವಿಷಯದಲ್ಲಿ ಸರ್ಕಾರ ಸರಿಯಾದ ಕೆಲಸ ಮಾಡಿತು.

ಸಾಗರದ ಸ್ಕಾರ್ಲೆಟ್

ಇದನ್ನು ನಾನೂ ಪೂರ್ತಿ ಒಪ್ಪುತ್ತೇನೆ.

ನೀಲಿ ಹಳದಿ · ಶನಿವಾರ, ನವೆಂಬರ್ 29

ಹೊರಗೆ ಮೋಡ. ಒಳಗೆ ಎದೆ ಬಡಿದುಕೊಳ್ಳುತ್ತಿದೆ. ಹನ್ನೆರಡು ಗಂಟೆ ಆಗುತ್ತಲೇ ಇಲ್ಲ.

ಸಾಗರದ ಸ್ಕಾರ್ಲೆಟ್

ಸ್ಮಿತ್, ಟೇಟ್ ಇಬ್ಬರೂ ಆಡುತ್ತಿದ್ದಾರೆ!

ನೀಲಿ ಹಳದಿ

6–0. ಮಿಷಿಗನ್.

ಬಕೈ ಬಸವನಗುಡಿ

ಮತ್ತೆ ಅದೇ ಆಯಿತೇ? ಐದನೆಯ ವರ್ಷವೂ?

ಸಾಗರದ ಸ್ಕಾರ್ಲೆಟ್

ಸ್ಮಿತ್! ನಾಲ್ಕನೆಯ ಡೌನ್‌ನಲ್ಲಿ, ಕೊನೆಯ ಯತ್ನದಲ್ಲಿ, ಎಸೆಯುವ ಧೈರ್ಯ ನೋಡಿದಿರಾ? 10–6.

ಕಾವೇರಿ ತೀರ

ಅರ್ಧ ಸಮಯಕ್ಕೆ 17–9.

ಮೈಸೂರು ಮಲ್ಲಿಗೆ ಗಿಡ

ಟಿವಿಯಲ್ಲಿ ಹಿಮ ಎಷ್ಟು ಚೆನ್ನಾಗಿ ಕಾಣುತ್ತಿದೆ. ಗಜದ ಗೆರೆಗಳೇ ಮುಚ್ಚಿಹೋಗುತ್ತಿವೆ.

ಸಾಗರದ ಸ್ಕಾರ್ಲೆಟ್

27–9. ಮುಗಿಯಿತು. ಐದು ವರ್ಷ ಹನ್ನೊಂದು ತಿಂಗಳು ಕಾದೆ. 2019ರ ನಂತರ ಮೊದಲ ಸಲ. ಕಣ್ಣಲ್ಲಿ ನೀರು ಬಂದಿದೆ, ಹೇಳಲು ನನಗೆ ಸಂಕೋಚವಿಲ್ಲ.

ಕಾವೇರಿ ತೀರ

2019ರ ಪಂದ್ಯ ನವೆಂಬರ್ 30ಕ್ಕೆ. ಐದು ವರ್ಷ ಹನ್ನೊಂದು ತಿಂಗಳಲ್ಲ, ಆರು ವರ್ಷಕ್ಕೆ ಒಂದು ದಿನ ಕಡಿಮೆ. ಅಭಿನಂದನೆ.

ನೀಲಿ ಹಳದಿ

ಇಂದು ನಿಮ್ಮದು ಉತ್ತಮ ತಂಡ. ಮೊದಲ ಕೆಲವು ನಿಮಿಷ ಬಿಟ್ಟರೆ ನಮಗೆ ದಾರಿಯೇ ಸಿಗಲಿಲ್ಲ. ಅಂಡರ್‌ವುಡ್ ಇನ್ನೂ ಚಿಕ್ಕವನು, ಕಲಿಯುತ್ತಾನೆ.

ಲೆಕ್ಕದ ಮೇಷ್ಟ್ರು

ನನ್ನ ಊಹೆ ತಪ್ಪಾಯಿತು. ಅಂತರ ಏಳು ಎಂದಿದ್ದೆ, ಆದದ್ದು ಹದಿನೆಂಟು. ಮೇಲಿನ ಲೆಕ್ಕದಲ್ಲಿ ಮಾತ್ರ ಬದಲಾಯಿಸಬೇಕಾದದ್ದು ಏನೂ ಇಲ್ಲ.

ಬಕೈ ಬಸವನಗುಡಿ

ನನ್ನ ಪಾರ್ಲೇಯಲ್ಲಿ ಒಹಾಯೊ ಸ್ಟೇಟ್ ಗೆದ್ದಿತು, ಉಳಿದ ಮೂರರಲ್ಲಿ ಒಂದು ಕೈಕೊಟ್ಟಿತು. 100 ಹೋಯಿತು.

ಟೊಲೆಡೊ ವಾಸಿ · ಭಾನುವಾರ ಬೆಳಿಗ್ಗೆ

ಭಾವನ ಸಂಸಾರ ಈಗಷ್ಟೇ ಹೊರಟಿತು. ಏನಾಯಿತು ಎಂದು ಬರೆಯುವುದು ನನ್ನ ಹೊಣೆ.

ಬುಧವಾರ ರಾತ್ರಿ 200 ಕಟ್ಟಬೇಕೆಂದಿದ್ದೆ. ಮಿತಿ ಮೀರಿದವರ ಬರಹ ಕಣ್ಣ ಮುಂದೆ ಬಂದು 55ಕ್ಕೆ ಇಳಿಸಿದೆ. ಹತ್ತು ಅಂಕ ಬಿಟ್ಟುಕೊಟ್ಟೆ. ಗೆದ್ದೆ, 50 ಡಾಲರ್ ಬಂದಿದೆ.

ಆದರೆ ಹೇಳಬೇಕಾದದ್ದು ಬೇರೆ ಇದೆ. ಅರ್ಧ ಸಮಯದಲ್ಲಿ 17–9 ಇತ್ತಲ್ಲ, ಆಗ ಅಡುಗೆಮನೆಗೆ ಹೋಗಿ ಕಾಫಿ ಬೆರೆಸುತ್ತಿದ್ದೆ. ಭಾವ ಹಿಂದೆಯೇ ಬಂದು «ನಿಮ್ಮವರು ಎಂಟು ಅಂಕ ಮುಂದಿದ್ದಾರೆ, ನಿಮ್ಮ ಮುಖ ಏಕೆ ಹೀಗಿದೆ?» ಎಂದು ಕೇಳಿದರು. ನಾನು ಓದಿದ ಕಾಲೇಜು, ಐದು ವರ್ಷ ಕಾದ ಗೆಲುವು, ಎಂಟು ಅಂಕ ಮುಂದೆ. ನನ್ನ ಮನಸ್ಸು ಮಾತ್ರ ಇನ್ನೂ ಎರಡು ಅಂಕ ಸಾಲದು, ಮೂರು ಬೇಕು ಎಂದು ಎಣಿಸುತ್ತಾ ಕುಳಿತಿತ್ತು. ಸ್ಮಿತ್ ಆ ಟಚ್‌ಡೌನ್ ಹಿಡಿದಾಗ ಅಕ್ಕಪಕ್ಕದ ಮನೆಗಳಿಂದ ಕೂಗು ಕೇಳಿಸಿತು. ನಾನು ಕೂಗಲಿಲ್ಲ. ಆ್ಯಪ್ ತೆರೆದು ನೋಡಿದೆ.

ಭಾವನಿಗೆ ನಿಜ ಹೇಳಿದೆ. ಅವರು ಏನೂ ಅನ್ನಲಿಲ್ಲ, ಕಾಫಿ ಲೋಟ ತೆಗೆದುಕೊಂಡು ಹೋಗಿ ಕುಳಿತರು. ಮೂರನೆಯ ಕ್ವಾರ್ಟರ್‌ನಲ್ಲಿ ಟೇಟ್ 50 ಗಜದ ಎಸೆತ ಹಿಡಿದು ಓಡಿದಾಗ ಎಂಟು ವರ್ಷದ ಸೋದರಳಿಯ ನೀಲಿ ಟೊಪ್ಪಿಗೆ ಕಳಚಿ ಸೋಫಾದ ಹಿಂದೆ ಅಡಗಿಕೊಂಡ. ಅವನನ್ನು ಸಮಾಧಾನ ಮಾಡಲು ಹೋದವನು ಪಂದ್ಯದ ಕೊನೆಯನ್ನು ನೆಲದ ಮೇಲೆ ಅವನ ಪಕ್ಕ ಕುಳಿತು ನೋಡಿದೆ. ಮೊಬೈಲ್ ಸೋಫಾದ ಮೇಲೆಯೇ ಉಳಿಯಿತು. ಇಡೀ ದಿನದಲ್ಲಿ ನಾನು ಪಂದ್ಯ ನೋಡಿದ್ದು ಆ ಹೊತ್ತಿನಲ್ಲಿ ಮಾತ್ರ.

ಮಿತಿ ಮೀರಿದವನು

ಆ 50 ಡಾಲರ್ ಇಂದೇ ಆ್ಯಪ್‌ನಿಂದ ತೆಗೆದುಬಿಡಿ. ಅಲ್ಲೇ ಇದ್ದರೆ ಮುಂದಿನ ಶನಿವಾರ ಬಿಗ್ ಟೆನ್ ಫೈನಲ್ ಇದೆ.

ಟೊಲೆಡೊ ವಾಸಿ

ತೆಗೆದೆ. ಸೋದರಳಿಯನಿಗೆ ಹೊಸ ಟೊಪ್ಪಿಗೆ ಕೊಡಿಸುವುದೆಂದು ಆಗಿದೆ. ನೀಲಿಯೇ ಬೇಕಂತೆ.

ದಾವಣಗೆರೆಯ ತಾಯಿ

ಮಗ ಕರೆ ಮಾಡಿದ್ದ. ಕೂಗಿ ಕೂಗಿ ಗಂಟಲು ಕಟ್ಟಿದೆ, ಮಾತೇ ಸರಿಯಾಗಿ ಕೇಳಿಸಲಿಲ್ಲ. ಎಷ್ಟು ಕಟ್ಟಿದೆ ಎಂದು ಕೇಳಿದೆ. ಹದಿನೈದು ಡಾಲರ್, ಮಿಷಿಗನ್ ಮೇಲೆ, ಹೋಯಿತು ಎಂದ. ತನ್ನ ಕಾಲೇಜಿನ ವಿರುದ್ಧ ಏಕೆ ಕಟ್ಟಿದೆ ಎಂದರೆ, ಸೋತರೆ ಹಣವಾದರೂ ಬರಲಿ ಎಂದು ಕಟ್ಟಿದನಂತೆ. ಬೈಯಬೇಕೋ ಬೇಡವೋ ತಿಳಿಯಲಿಲ್ಲ. ಬಿಸಿನೀರಿಗೆ ಉಪ್ಪು ಹಾಕಿ ಗಂಟಲು ಮುಕ್ಕಳಿಸು ಎಂದೆ.

ನೀಲಿ ಹಳದಿ

ಮುಂದಿನ ಪಂದ್ಯ 2026ರ ನವೆಂಬರ್ 28, ಕೊಲಂಬಸ್. 24–20, ಮಿಷಿಗನ್.

ಸಾಗರದ ಸ್ಕಾರ್ಲೆಟ್

34–13, ಒಹಾಯೊ ಸ್ಟೇಟ್. ಬರೆದಿಟ್ಟುಕೊಳ್ಳಿ.